ಅಡುಗೆ ಒಂದೇ, ತಟ್ಟೆ ಬೇರೆ

ತೂಕ ಇಳಿಸಿಕೊಳ್ಳುವವರಿಗೆಂದು ಬರೆದ ಸಲಹೆಗಳೆಲ್ಲ ಓದುವವರಿಗೆ ಅಡುಗೆ ಇಷ್ಟ ಎಂದೇ ಎಣಿಸಿದಂತಿರುತ್ತವೆ. ಬೆಳಿಗ್ಗೆ ಓಟ್ಸ್ ದೋಸೆ, ಹನ್ನೊಂದಕ್ಕೆ ತರಕಾರಿ ಸೂಪು, ಮಧ್ಯಾಹ್ನ ನವಣೆ ಅನ್ನದ ಜೊತೆ ಎರಡು ಬಗೆ ಪಲ್ಯ, ಸಂಜೆಗೆ ಮೊಳಕೆಕಾಳು, ರಾತ್ರಿಗೆ ಪನೀರ್ ಹಾಕಿದ ಸಲಾಡ್. ಇದಿಷ್ಟೂ ಒಬ್ಬರಿಗೆ. ಇನ್ನು ಅತ್ತೆಯವರಿಗೆ ಮೆತ್ತನೆಯ ಅನ್ನ, ಗಂಡನಿಗೆ ಚಪಾತಿ, ಮಕ್ಕಳ ಡಬ್ಬಿಗೆ ಚಿತ್ರಾನ್ನ ಆಗಲೇಬೇಕು. ಒಂದೇ ಒಲೆಯ ಮುಂದೆ ಎರಡು ಮನೆಯ ಅಡುಗೆ ಮಾಡಿದಷ್ಟು ಕೆಲಸ. ಅಡುಗೆ ಎಂದರೆ ಉತ್ಸಾಹವಿರುವವರೂ ಹದಿನೈದು ದಿನಕ್ಕೆ ದಣಿಯುತ್ತಾರೆ. ಇಷ್ಟವಿಲ್ಲದವರು ಮೂರನೆಯ ದಿನಕ್ಕೆ ಬಿಡುತ್ತಾರೆ, ಆಮೇಲೆ ನನಗೆ ಮನಸ್ಸು ಗಟ್ಟಿಯಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ನನಗೂ ಅಡುಗೆ ಮಾಡುವುದು ಇಷ್ಟವಿಲ್ಲ. ಊಟ ಇಷ್ಟ, ಮನೆಯವರೆಲ್ಲ ಹೊಟ್ಟೆ ತುಂಬ ಉಣ್ಣುವುದನ್ನು ನೋಡುವುದು ಇನ್ನೂ ಇಷ್ಟ. ಆದರೆ ಹೆಚ್ಚುವುದು, ರುಬ್ಬುವುದು, ಒಲೆಯ ಮುಂದೆ ನಿಲ್ಲುವುದು, ಇವೆಲ್ಲಕ್ಕಿಂತ ಮೊದಲು ‘ಇವತ್ತೇನು ಅಡುಗೆ?’ ಎಂಬ ಪ್ರಶ್ನೆಗೆ ದಿನವೂ ಉತ್ತರ ಹುಡುಕುವುದು ನನಗೆ ಭಾರ. ಇದನ್ನು ಹೇಳಲು ಹೆಂಗಸರು ಹಿಂಜರಿಯುತ್ತಾರೆ. ಹಿಂಜರಿಯಬೇಕಾದ ಮಾತು ಇದಲ್ಲ. ಇಷ್ಟವಿಲ್ಲದಿದ್ದರೂ ವರ್ಷಗಟ್ಟಲೆ ತಪ್ಪದೆ ಮಾಡಿಕೊಂಡು ಬಂದಿರುವ ಕೆಲಸಕ್ಕೆ ಒಂದು ಮರ್ಯಾದೆ ಇದೆ. ಇಂಥವರು ತೂಕ ಇಳಿಸಬೇಕಾದರೆ ಅಡುಗೆಮನೆಯ ಕೆಲಸ ಕಡಿಮೆಯಾಗುವಂಥ ದಾರಿಯನ್ನೇ ಹಿಡಿಯಬೇಕು. ಕೆಲಸ ಹೆಚ್ಚಿಸುವ ಯಾವ ಪಥ್ಯವೂ ನಿಲ್ಲುವುದಿಲ್ಲ. ನಮ್ಮ ನಾಡಿನ ಅಡುಗೆಯಲ್ಲಿ ಅಂಥ ದಾರಿಗಳು ಬೇಕಾದಷ್ಟಿವೆ.

ತೂಕದ ಲೆಕ್ಕವನ್ನು ಮೊದಲು ನೋಡೋಣ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯಲು ವೈದ್ಯರು ಬಳಸುವ ಬಿಎಂಐ ಸೂಚ್ಯಂಕದಲ್ಲಿ ಪಾಶ್ಚಾತ್ಯರಿಗೆ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮ್ಮವರಿಗೆ ಅದಕ್ಕಿಂತ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಮಧುಮೇಹ ಬರುತ್ತದೆ. ಹಾಗಾಗಿ ಭಾರತೀಯರಿಗೆ ಗಡಿಯನ್ನು 23 ಮತ್ತು 25ಕ್ಕೆ ಇಳಿಸಿದ್ದಾರೆ. ಐದು ಅಡಿ ಎರಡು ಅಂಗುಲ ಎತ್ತರದ ಹೆಂಗಸಿಗೆ ಇದು 57 ಕಿಲೋ ಮತ್ತು 62 ಕಿಲೋ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಇನ್ನೂ ಹಳೆಯ 25ರ ಅಳತೆಯನ್ನೇ ಇಟ್ಟುಕೊಂಡಿತ್ತು. ಆ ಅಳತೆಯಲ್ಲೇ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಮಂದಿಯ ತೂಕ ಹೆಚ್ಚು ಎಂದು ಕಂಡುಬಂತು. 2015-16ರಲ್ಲಿ ಇದು 23 ಇತ್ತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಎಷ್ಟೋ ಮನೆಗಳಲ್ಲಿ ತೂಕ ಇಳಿಸಬೇಕಾದವರು ಒಬ್ಬರಿಗಿಂತ ಹೆಚ್ಚು ಇರಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಊಟಕ್ಕೆಂದು ಹೊಸ ಮಾರ್ಗಸೂಚಿ ಪ್ರಕಟಿಸಿತು. ದಿನಕ್ಕೆ 2000 ಕ್ಯಾಲೊರಿಯ ಊಟಕ್ಕೆ ಅದು ಹೇಳುವ ಪ್ರಮಾಣ ಹೀಗಿದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಕಡಲೆಬೀಜ ಬಾದಾಮಿಯಂಥ ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ ದಿನವೂ ತೂಗಬೇಕಾಗಿಲ್ಲ. ನಮ್ಮ ತಟ್ಟೆಯ ಪಕ್ಕ ಇಟ್ಟು ಒಮ್ಮೆ ನೋಡಿದರೆ ಸಾಕು, ಎಲ್ಲಿ ಹೆಚ್ಚಾಗಿದೆ, ಎಲ್ಲಿ ಕಡಿಮೆಯಾಗಿದೆ ಎಂಬುದು ತಿಳಿಯುತ್ತದೆ. ನಮ್ಮ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದು, ಸಾರಿನ ಬೇಳೆ ತಳದಲ್ಲಿ ನಾಲ್ಕು ಕಾಳು, ಪಲ್ಯ ಅಂಚಿನಲ್ಲಿ ಒಂದು ಚಮಚ. ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುವುದು ಬೇಳೆಕಾಳಿನ ಪ್ರೊಟೀನು ಮತ್ತು ಸೊಪ್ಪು ತರಕಾರಿಯ ನಾರು. ಅವೆರಡೂ ಕಡಿಮೆಯಾಗಿ ಪಿಷ್ಟವೇ ಹೆಚ್ಚಾದಾಗ ನಾಲ್ಕು ಗಂಟೆಗೆ ಮತ್ತೆ ಹಸಿವು, ಕಾಫಿಯ ಜೊತೆ ಕೋಡುಬಳೆ.

ಇಲ್ಲಿಂದ ಮುಂದಿನದು ಅಡುಗೆಮನೆಯ ಮಾತು. ಹಳೇ ಮೈಸೂರು ಸೀಮೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ಹಲಸಂದೆಯನ್ನೋ ಹೆಸರುಕಾಳನ್ನೋ ಬೇಯಲು ಇಟ್ಟು, ಅರ್ಧ ಬೆಂದ ಮೇಲೆ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಬೆಂದಮೇಲೆ ಬಸಿಯುತ್ತೇವೆ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು, ಸಾರಿನ ಪುಡಿ, ಒಂದಿಷ್ಟು ತೆಂಗಿನ ತುರಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಮ್ಮೆ ಬೇಯಿಸಿದ್ದಕ್ಕೆ ಎರಡು ಪದಾರ್ಥ. ಮಾರನೆಯ ದಿನ ಸಾರು ಇನ್ನೂ ರುಚಿ. ಅಡುಗೆ ಇಷ್ಟವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾರೂ ಕಂಡುಹಿಡಿದಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕಿಂತಲೂ ಸರಳವಾದದ್ದು ಉಪ್ಸಾರು. ರುಬ್ಬುವ ಮಸಾಲೆಯೂ ಇಲ್ಲ. ಉಪ್ಪು ಹಾಕಿದ ಕಟ್ಟು, ಪಕ್ಕದಲ್ಲಿ ಒಂದಿಷ್ಟು ಖಾರ. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಸೇರಿಸಿ ಅರೆದ ಆ ಖಾರವನ್ನು ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಕೆಡುವುದಿಲ್ಲ. ಸಾರಿಗೆ ಎಣ್ಣೆ ಬೇಕಾಗಿಯೇ ಇಲ್ಲ.

ಈಗ ಈ ಒಂದು ಪಾತ್ರೆಯಿಂದ ಮನೆಯವರಿಗೆಲ್ಲ ಬಡಿಸುವುದನ್ನು ನೋಡಿ. ಆಟದ ಮೈದಾನದಿಂದ ಬಂದ ಮಗನಿಗೆ ದೊಡ್ಡ ಮುದ್ದೆ, ತುಪ್ಪ, ಜೊತೆಗೊಂದು ಬೇಯಿಸಿದ ಮೊಟ್ಟೆ. ಅತ್ತೆಯವರಿಗೆ ಕಟ್ಟಿನಲ್ಲಿ ಕಲಸಿದ ಮೆತ್ತನೆಯ ಅನ್ನ. ತೂಕ ಇಳಿಸುವವರ ತಟ್ಟೆಯಲ್ಲಿ ಮೊದಲು ಪಲ್ಯ ಬೀಳಲಿ, ಅರ್ಧ ತಟ್ಟೆ ತುಂಬುವಷ್ಟು. ಆಮೇಲೆ ಸಣ್ಣ ಮುದ್ದೆ ಅಥವಾ ಒಂದು ಸೌಟು ಅನ್ನ, ಕೊನೆಗೆ ಒಂದು ಬಟ್ಟಲು ಮೊಸರು. ಅಡುಗೆ ಎಲ್ಲರಿಗೂ ಒಂದೇ, ಬದಲಾದದ್ದು ಬಡಿಸುವ ಅಳತೆ. ಬಡಿಸುವ ಕ್ರಮವೂ ಮುಖ್ಯ. ಅನ್ನ ಮೊದಲು ಬಿದ್ದರೆ ಪಲ್ಯಕ್ಕೆ ಜಾಗವಿರುವುದಿಲ್ಲ.

ಮುದ್ದೆ ಎಂದೆನಲ್ಲ, ಅದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಅನ್ನ ಬಿಟ್ಟು ಮುದ್ದೆ ಹಿಡಿದರೆ ತೂಕ ತಾನಾಗಿ ಇಳಿಯುತ್ತದೆ ಎಂದು ಹಲವರು ನಂಬಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320. ಅಂತರ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ. 100 ಗ್ರಾಂ ರಾಗಿಯಲ್ಲಿ 11 ಗ್ರಾಮಿನಷ್ಟು ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ಚಿಕ್ಕ ಮುದ್ದೆಗೇ ಹೊಟ್ಟೆ ತುಂಬಿದಂತಾಗುತ್ತದೆ, ಅದು ಅದರ ಉಪಕಾರ. ಎರಡು ದೊಡ್ಡ ಮುದ್ದೆ ಉಂಡರೆ ಅನ್ನ ಉಂಡಷ್ಟೇ ಆಯಿತು. ನವಣೆ, ಸಾಮೆ, ಚಪಾತಿಗೂ ಇದೇ ಮಾತು ಸಲ್ಲುತ್ತದೆ. ಅನ್ನವೇ ಪ್ರಾಣ ಎನ್ನುವವರು ಅನ್ನವನ್ನೇ ಉಣ್ಣಲಿ, ಸೌಟು ಕಡಿಮೆ ಮಾಡಲಿ. ಮನೆಯಲ್ಲಿ ಯಾರಿಗೂ ಬೇಡದ ಸಿರಿಧಾನ್ಯವನ್ನು ತಂದು ಒಬ್ಬರಿಗಾಗಿ ಬೇರೆ ಕುಕ್ಕರ್ ಇಡುವುದು ಬೇಡ.

ಉತ್ತರ ಕರ್ನಾಟಕದವರ ಊಟದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ರೊಟ್ಟಿಯ ಜೊತೆಗೆ ಹಸಿ ಮೆಂತ್ಯೆ ಸೊಪ್ಪು, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ. ಹೆಚ್ಚಿ ಇಟ್ಟರೆ ಮುಗಿಯಿತು, ಒಲೆ ಹಚ್ಚುವುದೇ ಇಲ್ಲ. ಮಡಿಕೆ ಕಾಳಿನ ಪಲ್ಯ ಒಂದು ಇದ್ದರೆ ಊಟ ಪೂರ್ತಿ. ಜೋಳದ ರೊಟ್ಟಿ ಬಡಿಯುವುದು ಕಷ್ಟದ ಕೆಲಸ, ನಿಜ. ಆದರೆ ಹುಬ್ಬಳ್ಳಿ, ಕಲಬುರಗಿಯಿಂದ ಬೆಂಗಳೂರಿನ ತನಕ ಹೆಂಗಸರು ರೊಟ್ಟಿ ಮಾಡಿ ಮಾರುವ ಕೇಂದ್ರಗಳಿವೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ. ಅಡುಗೆ ಇಷ್ಟವಿಲ್ಲದವರು ಅದನ್ನು ಕೊಂಡು ತರಲು ಸಂಕೋಚಪಡಬಾರದು. ಒಂದು ಮನೆಗೆ ಬಿಡುವು, ಇನ್ನೊಂದು ಮನೆಗೆ ದುಡಿಮೆ.

ಮಲೆನಾಡು, ಕರಾವಳಿಯ ತಂಬುಳಿಯೂ ಈ ಜಾತಿಯದೇ. ಒಂದೆಲಗದ ಎಲೆ, ಜೀರಿಗೆ, ಕಾಳುಮೆಣಸು, ಸ್ವಲ್ಪ ತೆಂಗಿನ ತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಸಾಕು, ಕುದಿಸುವ ಕೆಲಸವಿಲ್ಲ. ರಾಮನವಮಿಗೆ ಮಾತ್ರ ನೆನಪಾಗುವ ಕೋಸಂಬರಿಯನ್ನು ವಾರದ ಊಟಕ್ಕೆ ತನ್ನಿ. ಹೆಸರುಬೇಳೆ ನೆನೆಸಿಟ್ಟು ಸೌತೆಕಾಯಿ ಹೆಚ್ಚಿ ನಿಂಬೆರಸ ಹಿಂಡಿದರೆ ಬೇಳೆಯೂ ತರಕಾರಿಯೂ ಒಂದೇ ಬಟ್ಟಲಿನಲ್ಲಿ ಬಂದವು. ಹೆಸರುಬೇಳೆಯ ತೂಕದಲ್ಲಿ ಸುಮಾರು ಕಾಲುಭಾಗ ಪ್ರೊಟೀನು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ಉಳಿಸಿಕೊಳ್ಳಲು ಬೇಳೆ, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಏನಾದರೊಂದು ಎರಡೂ ಹೊತ್ತು ತಟ್ಟೆಯಲ್ಲಿ ಇರಬೇಕು. ಬರಿಯ ಸೌತೆಕಾಯಿ ತಿಂದು ರಾತ್ರಿ ಕಳೆಯುವುದು ದೇಹಕ್ಕೆ ಮಾಡುವ ಅನ್ಯಾಯ.

ಎಣ್ಣೆಯ ಲೆಕ್ಕಕ್ಕೆ ಬರೋಣ. ಒಂದು ಗ್ರಾಂ ಪಿಷ್ಟದಲ್ಲಿ, ಒಂದು ಗ್ರಾಂ ಪ್ರೊಟೀನಿನಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9. ಕಡಲೆಕಾಯಿ ಎಣ್ಣೆಯಾಗಲಿ, ಸೂರ್ಯಕಾಂತಿ ಎಣ್ಣೆಯಾಗಲಿ, ತುಪ್ಪವಾಗಲಿ, ಗಾಣದ ಎಣ್ಣೆಯಾಗಲಿ, ಈ ಅಂಕಿ ಬದಲಾಗುವುದಿಲ್ಲ. ಒಂದು ಟೀ ಚಮಚ ಎಣ್ಣೆ ಸುಮಾರು 40 ಕ್ಯಾಲೊರಿ. ಬಾಟಲಿಯಿಂದ ಬಾಣಲೆಗೆ ನೇರವಾಗಿ ಸುರಿಯುವ ಕೈಗೆ ಅದು ಒಂದೋ ನಾಲ್ಕೋ ಗೊತ್ತಾಗುವುದಿಲ್ಲ. ಪ್ರತಿ ಅಡುಗೆಗೂ ಚಮಚದಲ್ಲಿ ಅಳೆಯುವುದು ಒಳ್ಳೆಯದೇ, ಆದರೆ ಅಡುಗೆಯನ್ನು ಬೇಗ ಮುಗಿಸಬೇಕೆನ್ನುವವರಿಗೆ ತಿಂಗಳ ಲೆಕ್ಕ ಸುಲಭ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್ ತಂದರೆ ಒಬ್ಬರಿಗೆ ದಿನಕ್ಕೆ 15 ಗ್ರಾಂ ಬರುತ್ತದೆ. ತುಪ್ಪ ಬೆಣ್ಣೆಗೆ, ಹೊರಗೆ ತಿನ್ನುವುದಕ್ಕೆ 12 ಗ್ರಾಂ ಉಳಿಯಿತು. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಒಂದು ಲೀಟರ್ ಹದಿನೈದು ದಿನ ಬಂತೇ, ಎಂಟು ದಿನಕ್ಕೆ ಮುಗಿಯಿತೇ ಎಂಬುದನ್ನು ನೋಡಿದರೆ ಮನೆಮಂದಿಯ ಊಟದ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಈ ಒಂದು ಕೆಲಸಕ್ಕೆ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ, ದಿನಸಿ ಚೀಟಿ ಬರೆಯುವಾಗಲೇ ಅದು ತೀರ್ಮಾನವಾಗುತ್ತದೆ. ತೆಂಗಿನಕಾಯಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಹಸಿ ತೆಂಗಿನ ತುರಿಯಲ್ಲಿ ಮೂರನೇ ಒಂದು ಭಾಗ ಕೊಬ್ಬು. ಕರಾವಳಿಯವರಿಗೆ ತೆಂಗು ಬಿಡು ಎನ್ನುವ ಮಾತು ಅರ್ಥವಿಲ್ಲದ್ದು. ನಾಲ್ಕು ಜನರ ಸಾರಿಗೆ ಅರ್ಧ ಕಾಯಿಯ ಬದಲು ಒಂದು ಹಿಡಿ ತುರಿ ಹಾಕಿ, ಮಂದವಾಗಲು ಬೆಂದ ಬೇಳೆಯನ್ನೋ ಕಾಳನ್ನೋ ರುಬ್ಬಿ ಸೇರಿಸಿದರೆ ರುಚಿ ಕೆಡುವುದಿಲ್ಲ.

ಅಡುಗೆ ಮಾಡುವವರ ತೂಕಕ್ಕೆ ಇನ್ನೂ ಒಂದು ಕಾರಣವಿದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗಳು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದಲ್ಲಿ ಉಳಿದ ಒಂದು ಹಿಡಿ ಪುಳಿಯೋಗರೆ, ನಾಳೆಗೆ ಇಡಲಾಗದ ಪಾಯಸ. ಅನ್ನ ಚೆಲ್ಲಬಾರದು ಎಂದು ಬೆಳೆದವರು ನಾವು, ಆ ಮನಸ್ಸು ದೊಡ್ಡದು. ಆದರೆ ಮನೆಯವರೆಲ್ಲ ಉಂಡ ಮೇಲೆ ಮಿಕ್ಕಿದ್ದನ್ನು ಮುಗಿಸುವ ಜವಾಬ್ದಾರಿ ಒಬ್ಬಳ ಹೊಟ್ಟೆಯ ಮೇಲೆ ಬೀಳುವುದು ಸರಿಯಲ್ಲ. ಮಿಕ್ಕಿದ್ದಕ್ಕೆ ಒಂದು ಮುಚ್ಚಳದ ಡಬ್ಬಿ, ಮಾರನೆಯ ದಿನ ಅದು ಯಾರಾದರೊಬ್ಬರ ತಿಂಡಿ ಎಂಬ ಕಟ್ಟಳೆ ಮಾಡಿದರೆ ಚೆಲ್ಲಿದಂತೆಯೂ ಆಗುವುದಿಲ್ಲ. ಮುಖ್ಯವಾಗಿ, ಎಲ್ಲರಿಗೂ ಬಡಿಸಿ ಕೊನೆಯಲ್ಲಿ ನಿಂತುಕೊಂಡೇ ಉಣ್ಣುವ ಅಭ್ಯಾಸ ನಿಲ್ಲಬೇಕು. ಹಸಿದು ಹಸಿದು ಮೂರು ಗಂಟೆಗೆ ಉಣ್ಣುವವರಿಗೆ ಅಳತೆ ತಪ್ಪುತ್ತದೆ. ತಟ್ಟೆ ಹಾಕಿಕೊಂಡು, ಕೂತು, ಮನೆಯವರ ಜೊತೆಯಲ್ಲೇ ಊಟ ಮಾಡಿ.

ಕೆಲಸ ಇಳಿಸುವ ಬಗ್ಗೆ ಹೇಳಬೇಕಾದದ್ದು ಇನ್ನೂ ಇದೆ. ‘ಇವತ್ತೇನು ಅಡುಗೆ?’ ಎಂಬ ಪ್ರಶ್ನೆಗೆ ವಾರಕ್ಕೊಮ್ಮೆ ಉತ್ತರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಡಬಹುದು. ಸೋಮವಾರ ಬಸ್ಸಾರು, ಮಂಗಳವಾರ ಅದೇ ಸಾರಿನ ಜೊತೆ ಹೊಸ ಪಲ್ಯ, ಬುಧವಾರ ರೊಟ್ಟಿ ಮತ್ತು ಹಸಿ ತರಕಾರಿ, ಗುರುವಾರ ಹುಳಿ, ಹೀಗೆ. ಪ್ರತಿ ವಾರ ಅದೇ ಬಂದರೂ ಮನೆಯವರು ಬೇಸರಪಡುವುದಿಲ್ಲ, ಕಾಲಕ್ಕೆ ತಕ್ಕ ತರಕಾರಿ ಬದಲಾಗುತ್ತದಲ್ಲ. ಭಾನುವಾರ ರಾತ್ರಿ ಎರಡು ಬಗೆ ಕಾಳು ನೆನೆಹಾಕಿ ಮಾರನೆಯ ದಿನ ಬೇಯಿಸಿ, ಒಂದು ಭಾಗವನ್ನು ಫ್ರೀಜರಿನಲ್ಲಿಟ್ಟರೆ ವಾರದ ಮಧ್ಯದ ಅಡುಗೆ ಅರ್ಧ ಮುಗಿದಂತೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಅಂಗಡಿಯಲ್ಲಿ ಸಿಗುವ ಮೊಳಕೆಕಾಳು, ಇಡ್ಲಿ ಹಿಟ್ಟು, ಇವನ್ನೆಲ್ಲ ಧಾರಾಳವಾಗಿ ಕೊಳ್ಳಬಹುದು. ಇಡ್ಲಿ ಹಬೆಯಲ್ಲಿ ಬೇಯುವುದರಿಂದ ಎಣ್ಣೆಯ ಚಿಂತೆ ಇಲ್ಲ, ಜೊತೆಗೆ ಚಟ್ನಿಗಿಂತ ಬೇಳೆ ಹೆಚ್ಚಿರುವ ಸಾಂಬಾರು ಇರಲಿ. ಬಿಸಿಮಾಡಿದರೆ ಸಾಕು ಎನ್ನುವ ಪರೋಟ, ಗ್ರೇವಿಗಳ ಪೊಟ್ಟಣವನ್ನು ಮಾತ್ರ ತಿರುಗಿಸಿ ನೋಡಿ. ಯಾವುದು ಹೆಚ್ಚು ಹಾಕಿದ್ದಾರೋ ಅದು ಪಟ್ಟಿಯಲ್ಲಿ ಮೊದಲು ಬರಬೇಕೆಂಬ ನಿಯಮವಿದೆ. ಮೊದಲ ಮೂರು ಹೆಸರುಗಳಲ್ಲಿ ಎಣ್ಣೆಯೋ ಸಕ್ಕರೆಯೋ ಇದ್ದರೆ ವಾಪಸ್ಸು ಇಡಿ.

ಸೊಪ್ಪಿನ ಅಡುಗೆಯಲ್ಲಿ ನಿಜವಾದ ಶ್ರಮ ಬಿಡಿಸುವುದರಲ್ಲಿದೆ. ಅದಕ್ಕೆ ಅಡುಗೆ ಬರಬೇಕಾಗಿಲ್ಲ, ಎರಡು ಕೈ ಸಾಕು. ಟಿವಿ ನೋಡುತ್ತಾ ಮಗ ಸೊಪ್ಪು ಬಿಡಿಸಬಹುದು, ಗಂಡ ಬೆಳ್ಳುಳ್ಳಿ ಸುಲಿಯಬಹುದು, ಬೆಳಗಿನ ಪಾತ್ರೆ ಇನ್ಯಾರೋ ತೊಳೆಯಬಹುದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವವರ ಪೈಕಿ, ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ದಿನಕ್ಕೆ ನಾಲ್ಕೂಮುಕ್ಕಾಲು ಗಂಟೆ ಮನೆಗೆಲಸದಲ್ಲಿ ಕಳೆದವಳಿಗೆ ‘ಬೆಳಿಗ್ಗೆ ಒಂದು ಗಂಟೆ ನಡೆಯಿರಿ’ ಎಂದು ಹೇಳಿ ಕಳಿಸಿದರೆ ಅವಳು ಆ ಗಂಟೆಯನ್ನು ಎಲ್ಲಿಂದ ತರಬೇಕು? ನಿದ್ದೆಯಿಂದ ಕತ್ತರಿಸಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ, ಇಳಿಯಬೇಕಾದ ತೂಕ ಅಲ್ಲೇ ನಿಲ್ಲುತ್ತದೆ. ಮನೆಯವರು ಸೊಪ್ಪು ಬಿಡಿಸಿ ಕೊಟ್ಟ ಇಪ್ಪತ್ತು ನಿಮಿಷ ಅವಳ ನಡಿಗೆಗೆ ಸಿಗಲಿ. ಹೆಂಡತಿಯ ಆರೋಗ್ಯದ ಬಗ್ಗೆ ಕಾಳಜಿ ಇರುವ ಗಂಡ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು.

ಎಷ್ಟು ಬೇಗ ಇಳಿಯಬೇಕು? ಪೋಷಣಾ ಸಂಸ್ಥೆಯ ಮಾರ್ಗಸೂಚಿ ವಾರಕ್ಕೆ ಅರ್ಧ ಕಿಲೋ ಇಳಿಸುವುದು ಸುರಕ್ಷಿತ ಎನ್ನುತ್ತದೆ, ಊಟ ದಿನಕ್ಕೆ 1000 ಕ್ಯಾಲೊರಿಗಿಂತ ಕಡಿಮೆಯಾಗಬಾರದು ಎಂದೂ ಎಚ್ಚರಿಸುತ್ತದೆ. ಮೊದಲ ವಾರ ಎರಡು ಕಿಲೋ ಇಳಿದರೆ ಅದರಲ್ಲಿ ಹೆಚ್ಚಿನದು ನೀರು. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಖರ್ಚಾಗುವಾಗ ಅದರ ಜೊತೆಗಿದ್ದ ನೀರೂ ಹೊರಹೋಗುತ್ತದೆ. ಮೂರನೆಯ ವಾರ ಕಾಟಾ ಅಲುಗದಿದ್ದಾಗ ಗಾಬರಿಯಾಗಬೇಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಮುದ್ದೆಯ ಅಳತೆ ಇಳಿಸುವ ಮೊದಲು ವೈದ್ಯರನ್ನು ಕೇಳಲೇಬೇಕು, ಔಷಧಿಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ತೂಕ ಇಳಿಸುವ ಈ ಮಾತು ಅನ್ವಯಿಸುವುದಿಲ್ಲ.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮೊದಲು ನೋಡಿದರೆ ಸಾಕು, ದಿನಾ ಬೇಡ. ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟ ಅಳೆಯಿರಿ, ಕಾಟಾ ಹೇಳದ ಸುದ್ದಿಯನ್ನು ಟೇಪು ಹೇಳುವುದುಂಟು. ಒಂದು ತಿಂಗಳು ಕಳೆದರೂ ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ಮೊದಲು ಎಣ್ಣೆ ಪೊಟ್ಟಣದ ತಾರೀಖು ನೋಡಿ, ಆಮೇಲೆ ಕಾಫಿಯ ಸಕ್ಕರೆ, ಅದಾದ ಮೇಲೆ ಅನ್ನದ ಸೌಟು. ಅಲ್ಲೂ ಏನೂ ಸಿಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವಂತೆ ವೈದ್ಯರನ್ನು ಕೇಳಿ.